ದೋಟಿಯ ತುದಿಗೆ ಕಟ್ಟಿದ ಆಂಟೆನಾ

ಶ್ರೀರಾಂಪುರದ ನಮ್ಮ ಮನೆಯಲ್ಲಿ ಅಟ್ಟ ಅತ್ತೆಯದು. ತೆಂಗಿನಕಾಯಿ ಅಲ್ಲಿ ಒಣಗಿ ಕೊಬ್ಬರಿಯಾಗುವ ತನಕ ವಾರವಾರ ಏಣಿ ಹತ್ತಿ, ರಾಶಿಯೊಳಗೆ ಕೈಯಿಟ್ಟು ತೇವ ನೋಡುತ್ತಿದ್ದರು. ಮಂಡಿ ಆಪರೇಷನ್ ಆದ ಮೇಲೆ ಡಾಕ್ಟರು ಏಣಿ ಹತ್ತಲೇಬಾರದು ಎಂದರು.

"ಹಂಗಾದ್ರೆ ಇನ್ಮೇಲೆ ಹಸಿಕಾಯಿನೇ ಮಾರಿಬಿಡಾಣ ಬಿಡವ್ವ," ಎಂದರು ನನ್ನ ಗಂಡ. ಅತ್ತೆ ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು. ನನಗೆ ಮೈಯೆಲ್ಲ ಉರಿಯಿತು.

ಚಿತ್ರದುರ್ಗದ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ತೇವ ಅಳೆಯುವ ಸೆನ್ಸರ್ ನನಗೇನು ಮಹಾ? ಆದರೆ ಸೆಲ್ ಹಾಕಿದರೆ, ಬದಲಿಸಲು ಯಾರಾದರೂ ಆಗಾಗ ಹತ್ತಬೇಕು. ನನಗೋ ಏಣಿ ಹತ್ತಿದರೆ ತಲೆ ಸುತ್ತುತ್ತದೆ. ನಮ್ಮವರನ್ನು ಅಟ್ಟ ಹತ್ತಿಸುವುದಕ್ಕಿಂತ ಅಟ್ಟವನ್ನೇ ಕೆಳಗಿಳಿಸುವುದು ಸುಲಭ. ಹಾಗಾಗಿ ಸೆಲ್ಲೇ ಬೇಡದಂಥವನ್ನು ಮಾಡಿದೆ. ಕೆಳಗಿನ ಆಂಟೆನಾ ರೇಡಿಯೋ ಅಲೆ ಕಳಿಸುತ್ತದೆ. ಆ ಅಲೆಯಿಂದಲೇ ಚೂರು ಕರೆಂಟು ಹಿಡಿದುಕೊಂಡು ಸೆನ್ಸರ್ ಎಚ್ಚರವಾಗಿ, ತೇವ ಎಷ್ಟಿದೆಯೆಂದು ನನ್ನ ಫೋನಿಗೆ ಮುಟ್ಟಿಸಿ, ಮತ್ತೆ ಮಲಗುತ್ತದೆ.

ಪಡಸಾಲೆಯಲ್ಲಿ ಚೆನ್ನಾಗಿ ನಡೆಯಿತು. ಗಂಡನನ್ನು ಕಾಡಿ ಬೇಡಿ ಅಟ್ಟದ ಮೂಲೆಗೊಂದು ಇಡಿಸಿದೆ. ಅಲ್ಲಿ ಒಂದೂ ಉಸಿರೆತ್ತಲಿಲ್ಲ.

"ಇವಕ್ಕೂ ಮಂಡಿನೋವೇನೋ," ಎಂದು ಅವರು ನಕ್ಕರು.

ನಗಲಿ ಎಂದುಕೊಂಡು ಟಾರ್ಚ್ ಹಿಡಿದು ನೋಡಿದೆ. ಹೊಗೆಗೆ ಕಪ್ಪಾದ ಅಟ್ಟದ ತಳಕ್ಕೆಲ್ಲ ತಂತಿಜಾಲರಿ! ಇಲಿ ಕಾಟಕ್ಕೆ ಅತ್ತೆಯೇ ಹಿಂದೆಂದೋ ಹೊಡೆಸಿದ್ದು. ಅದನ್ನು ದಾಟಿ ನನ್ನ ಅಲೆ ಮೇಲೆ ಹೋಗುತ್ತಿರಲಿಲ್ಲ.

"ಜಾಲರಿ ಮಾತ್ರ ಕತ್ತರಿಸಬ್ಯಾಡ ಕಣವ್ವ," ಎಂದರು ಅತ್ತೆ.

ಕತ್ತರಿಸುವುದೇಕೆ? ಏಣಿ ಹತ್ತುವ ಕಂಡಿ ಜಾಲರಿಯಿಲ್ಲದೆ ತೆರೆದೇ ಇತ್ತಲ್ಲ. ಕಾಯಿ ಕೀಳುವ ದೋಟಿಯ ಕುಡುಗೋಲು ಬಿಚ್ಚಿ, ಆ ತುದಿಗೆ ಆಂಟೆನಾ ಕಟ್ಟಿದೆ. ಅತ್ತೆಯನ್ನು ಕಂಡಿಯ ಕೆಳಗೆ ಕುರ್ಚಿಯಲ್ಲಿ ಕೂರಿಸಿ, "ತಗಳ್ರಿ ಅತ್ತೆ, ಮ್ಯಾಲಕ್ಕೆ ತೂರಿಸ್ರಿ," ಎಂದು ದೋಟಿ ಕೈಗೆ ಕೊಟ್ಟೆ. ಅವರು ಮೆಲ್ಲಗೆ ಒಂದೊಂದು ಮೂಲೆಯ ಕಡೆಗೆ ತಿರುಗಿಸಿದರು. ಫೋನಿನಲ್ಲಿ ಒಂದೊಂದೇ ಅಂಕಿ ಮೂಡಿತು. ನನಗೆ ಕುಣಿಯುವಷ್ಟು ಖುಷಿ.

"ಹಿಂದ್ಲ ಮೂಲೇಲಿ ತೇವ ಜಾಸ್ತಿ ಐತೆ, ಅತ್ತೆ."

"ಹೆಂಚು ಜಾರಿರಬೇಕು. ಲೇ, ಹತ್ತು!" ಎಂದರು ಮಗನಿಗೆ.

ನನ್ನ ಗಂಡ ಗೊಣಗುತ್ತಲೇ ಹತ್ತಿದರು. ಹೆಂಚು ಜಾರಿತ್ತು, ಅದರಡಿಯ ನಾಲ್ಕಾರು ಕಾಯಿಗೆ ಬೂಸ್ಟು ಹಿಡಿದಿತ್ತು. ಯಾವುದನ್ನು ತೆಗೆಯಬೇಕು, ಯಾವುದನ್ನು ಮುಟ್ಟಬಾರದು ಎಂದು ಅತ್ತೆ ಕೆಳಗಿನಿಂದಲೇ ದಬಾಯಿಸಿದರು. ನಮ್ಮವರು ಮೈಯೆಲ್ಲ ಮಸಿ ಮಾಡಿಕೊಂಡು ಇಳಿದು ಬಂದರು.

"ಹೋಗ್ಲಿ ಬಿಡವ್ವ, ಅಟ್ಟ ಹಿಂಗೇ ಇರ್ಲಿ."

"ಇರ್ಲಿ ಅನ್ನಾಕೆ ನೀನ್ಯಾರಲೇ?"

ಅತ್ತೆ ದೋಟಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಹಸಿವಾಗೈತೆ, ಮುದ್ದೆ ಇಕ್ಕು ಎಂದರು.