ಹೊಳೆಮ್ಮ ಯಾವ ಬಟ್ಟೆಯನ್ನೂ ನಂಬುವುದಿಲ್ಲ

ಬೆಳಗಿನ ಆರು ಗಂಟೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಹೊಳೆಮ್ಮ ಒಂದು ಬಟ್ಟೆಯ ತುಂಡನ್ನು ವಿಚಾರಣೆ ಮಾಡುತ್ತಿದ್ದಾರೆ. ಮೂಸುತ್ತಾರೆ. ಹಲ್ಲಿನಿಂದ ಅಂಚು ಕಚ್ಚಿ ಒಂದೆಳೆ ಕೀಳುತ್ತಾರೆ. ಕಡ್ಡಿ ಗೀರಿ ಎಳೆಗೆ ಮುಟ್ಟಿಸುತ್ತಾರೆ. ಸಿನಿಮಾದ ಇನ್‌ಸ್ಪೆಕ್ಟರ್ ಕೂಡ ಕಳ್ಳನನ್ನು ಇಷ್ಟು ಹೊತ್ತು ದಿಟ್ಟಿಸುವುದಿಲ್ಲ; ಅವನಿಗೆ ನಡುವೆ ಒಂದು ಹಾಡಾದರೂ ಇರುತ್ತದೆ.

"ಫಾರಿನ್ ಮಾಲಂತ," ಎನ್ನುತ್ತಾರೆ ಹೊಗೆ ಮೂಸಿ. "ಇದು ವಿಮಾನನರ ನೋಡೈತೇನು, ಕೇಳ್ರಿ."

ಎದುರಿಗೆ ಎರಡು ಬಾಗಿಲಿನ ನೀಲಿ ಕಾರು ಬೋಳು ತಲೆಯಲ್ಲಿ ನಿಂತಿದೆ. ಬಟ್ಟೆಯ ಟಾಪನ್ನು ಮಡಚಿ ಹಿಂದಕ್ಕೆ ಮಲಗಿಸುವಂಥ ಕಾರು, ವಯಸ್ಸು ಅರವತ್ತರ ಮೇಲೆ. ಮಾಲೀಕರು ಕಂಪ್ಲಿಯ ಅಕ್ಕಿ ಗಿರಣಿಯ ಶಂಭುಲಿಂಗ. ಹಂಪಿಯಿಂದ ಬರುವಾಗ ಮಳೆ ಹಿಡಿದು, ಹಳೇ ಟಾಪಿನ ಬಣ್ಣವೆಲ್ಲ ಹೆಂಡತಿ ಸುಕನ್ಯಾ ಅವರ ರೇಷ್ಮೆ ಸೀರೆಗೆ ಇಳಿಯಿತು. ಅವತ್ತಿನಿಂದ ಅವರು ಈ ಕಾರು ಹತ್ತಿಲ್ಲ. ಸೀಟು ಹೊಲಿಯುವ ಅಂಗಡಿಯವರೆಲ್ಲ "ಬೆಂಗಳೂರಿಗೆ ಒಯ್ರಿ" ಎಂದು ಕೈ ತೊಳೆದುಕೊಂಡರು. ಆಗ ಶಂಭುಲಿಂಗರಿಗೆ ನೆನಪಾದದ್ದು, ಗಿರಣಿ ಅಂಗಳದ ಭತ್ತದ ರಾಶಿಗೆ ಹೊದಿಕೆ ಹೊಲಿದಿದ್ದ ಹೊಳೆಮ್ಮ. ಎಂಟು ಮಳೆಗಾಲ ಕಳೆದರೂ ಒಳಗೊಂದು ಕಾಳು ನೆಂದಿಲ್ಲ.

ಹೊಳೆಮ್ಮನಿಗೆ ಇದು ಮೊದಲ ಕಾರು. ಶೆಡ್ಡಿನ ಬೋರ್ಡಿನ ಮೇಲೆ 'ಲಾರಿ ತಾಡಪತ್ರಿ', 'ರಾಶಿ ಹೊದಿಕೆ' ಎಂಬ ಎರಡು ಸಾಲುಗಳಿವೆ. ಮೂರನೆಯ ಸಾಲಿನ ಜಾಗ ಒಂಬತ್ತು ವರ್ಷದಿಂದ ಖಾಲಿ. "ಕಾರ್ ಟಾಪ್ ಅಂತ ಬರಸ್ಬೇಕಂತ ಆಸೆ ಐತ್ರಿ. ಮಾಡ್ಲಾರ್ದ ಬರಸಿದ್ರ ಸುಳ್ಳಾಗ್ತತಿ. ಇದು ಕೆಟ್ಟರ ಆ ಜಾಗ ಹಂಗ ಖಾಲಿ ಇರ್ತತಿ."

ಹುಟ್ಟೂರು ವಡ್ಡು. ಮದುವೆಯಾಗಿ ಯಶವಂತನಗರಕ್ಕೆ ಬಂದಾಗ ಸಿಕ್ಕ ಕೆಲಸ, ಅದಿರು ಲಾರಿಗಳಿಗೆ ಹೊದಿಸುವ, ಹರಿದ ತಾಡಪತ್ರಿಯ ಹೊಲಿಗೆ ಬಿಚ್ಚುವುದು. ನಾಲ್ಕು ವರ್ಷ ಬರೀ ಬಿಚ್ಚಿದರು. "ಹೊಲಿಯೂದು ನನಗ್ಯಾರೂ ಕಲಿಸಿಲ್ರಿ. ಬಿಚ್ಚಿ ಬಿಚ್ಚಿ, ಯಾರ‍್ಯಾರು ಎಲ್ಲೆಲ್ಲಿ ಕಳ್ಳತನ ಮಾಡ್ಯಾರ ಅನ್ನೂದು ಗೊತ್ತಾತು. ಹೊರಗ ನೀಟು, ಒಳಗ ಗುಟ್ಟು." ಗಣಿ ಜೋರಿದ್ದಾಗ ದಿನಕ್ಕೆ ಮೂರು ತಾಡಪತ್ರಿ, ಒಂದೊಂದೂ ಇಪ್ಪತ್ತನಾಲ್ಕು ಅಡಿ. ವಾರಕ್ಕೆ ನಾಲ್ಕು ಸೂಜಿ ಮುರಿಯುತ್ತಿದ್ದವು. ಒಂದು ಹೆಬ್ಬೆರಳಲ್ಲೇ ಮುರಿದಿತ್ತು. ಆ ಗುರುತನ್ನು ಈಗಲೂ ತೋರಿಸುತ್ತಾರೆ. ಗಣಿ ನಿಂತ ವರ್ಷಗಳಲ್ಲಿ ಕೈ ಹಿಡಿದದ್ದು ಭತ್ತದ ರಾಶಿ.

ಶಂಭುಲಿಂಗ ಮೂರು ಬಗೆಯ ಬಟ್ಟೆ ತಂದಿದ್ದಾರೆ. ಮಿರಿಮಿರಿ ಮಿಂಚುವ ರೆಕ್ಸಿನ್ನನ್ನು ಹೊಳೆಮ್ಮ ಮಡಚಿ, ಕಲ್ಲು ಹೇರಿ ಎಂಟು ದಿನ ಬಿಸಿಲಿಗಿಟ್ಟರು. ಮಡಿಕೆಯ ಗೆರೆಯಲ್ಲೇ ಅದು ಬಿರುಕು ಬಿಟ್ಟಿತು. ಕೆನೆ ಬಣ್ಣದ 'ಫಾರಿನ್' ಬಟ್ಟೆಯನ್ನು ಟಿ.ಬಿ. ಡ್ಯಾಂ ಕಾಲುವೆಯಲ್ಲಿ ನೆನೆಹಾಕಿದಾಗ, ಅವರು ಬೇರೆ ಬಟ್ಟೆ ಇಟ್ಟುಬಿಟ್ಟಾರೆಂದು ಶಂಭುಲಿಂಗ ದಡದ ಮೇಲೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಒಣಗಿದ ಮೇಲೆ ಅದು ಎರಡು ಬೆರಳು ಕುಗ್ಗಿತ್ತು. ಉಳಿದದ್ದು ಒಂದೇ: ನಡುವೆ ರಬ್ಬರ್ ಪದರವಿರುವ ದಪ್ಪ ಕಂದು ಕ್ಯಾನ್ವಾಸ್.

"ಯಕ್ಕಾ, ಇಂಥಾ ಕಾರಿನ ಫೋಟೋದಾಗ ಟಾಪು ಕೆನಿ ಬಣ್ಣ ಐತಿ. ಈ ಕಂದು ಬಟ್ಟಿ ಅಂಗಡಿಯವ್ನು ನಿನಗೇನರ ಕೊಟ್ಟಾನೇನು?"

"ಕೊಟ್ಟಿದ್ರ ನಿಮಗ್ಯಾಕ ಹೇಳ್ಲಿ, ಸಾವ್ಕಾರ್ರ? ಫೋಟೋಕ್ಕ ಮಳಿ ಬರಾಂಗಿಲ್ಲ. ಸಂಡೂರ್ ರೋಡಿನ ಧೂಳೂ ಬರಾಂಗಿಲ್ಲ."

ಮುಂದಿನ ಅನುಮಾನ ಹಳೇ ಟಾಪಿನ ಮೇಲೆ. ಅದನ್ನೇ ಅಳತೆಗಿಟ್ಟು ಕತ್ತರಿಸಿದರೆ ಮುಗಿಯಿತು ಎಂದು ಶಂಭುಲಿಂಗರ ಅಂದಾಜು. ಹೊಳೆಮ್ಮ ಬಿಚ್ಚಿ ನೋಡಿದರು. ಎಡಗಡೆ ಅಂಚಿನಲ್ಲಿ ಸೂಜಿತೂತಿನ ಸಾಲು ಎರಡು.

"ಕಂಪನೀದ ಅದು, ಯಕ್ಕಾ!"

"ಕಂಪನಿಯವ್ರು ಎರಡ್ಸಲ ಹೊಲೀತಾರೇನ್ರಿ? ಯಾರೋ ನಡುವೆ ಕೈಯಾಡಿಸ್ಯಾರ. ಮೂರು ಬೆರಳು ಒಳಗ ತಗೊಂಡಾರ."

ಕಾರಿನ ಟಾಪು ಹೊರುವ ಕಮಾನುಗಳ ಮೇಲೆ ಹಳೇ ಪೇಪರ್ ಅಂಟಿಸಿ ಹೊಸ ಅಳತೆ ತೆಗೆದರು. ಅದರಲ್ಲಿ ಭಾನುವಾರದ ಪುರವಣಿಯ ಹಾಳೆಯೂ ಇತ್ತು. ಪೇಪರಿನವರನ್ನೂ ನಂಬದೆ, ಅದನ್ನಂತೂ ಎರಡು ಸಲ ಅಳೆದರು. ಕ್ಯಾನ್ವಾಸ್ ಇದ್ದದ್ದು ಒಂದೇ ಟಾಪಿಗಾಗುವಷ್ಟು. ಕತ್ತರಿ ಇಡುವ ಮುನ್ನ ಪೇಪರಿನ ಅಳತೆಯನ್ನು ಕಾರಿನ ಮೇಲೆ ಮತ್ತೊಮ್ಮೆ ಇಟ್ಟು ನೋಡಿದರು. ಆಮೇಲೆ ಐದು ದಿನ, ಮೇಣ ತಿಕ್ಕಿದ ದಾರದಲ್ಲಿ ಹೊಲಿಗೆ.

ಕ್ಲೈಮ್ಯಾಕ್ಸ್ ಕೂಡ ಬೆಳಗಿನ ಆರಕ್ಕೇ. ಕಾರಿಗೆ ಹೊಸ ಟಾಪು ಏರಿದೆ. ಬಕೀಟಿನ ನೀರಿಗೆ ಹೊಳೆಮ್ಮ ಕೆಂಪು ಅದಿರಿನ ಮಣ್ಣು ಕಲಸುತ್ತಾರೆ. ಸೋರಿದರೆ ಗುರುತು ಉಳಿಯಬೇಕು. ಬಿಳಿ ಅಂಗಿಯಲ್ಲಿ ಬಂದ ಶಂಭುಲಿಂಗರಿಗೆ "ಒಳಗ ಕುಂದ್ರಿ" ಎನ್ನುತ್ತಾರೆ.

"ನಾ ಯಾಕ? ನೀನ ಕುಂದ್ರು. ನಾ ಹುಯ್ತೀನಿ. ನೀ ಹುಯ್ದ್ರ ಹೊಲಿಗಿ ತಪ್ಪಿಸಿ ಹುಯ್ತೀ."

ಹೊಳೆಮ್ಮ ಬಿಳಿ ಟವೆಲ್ಲನ್ನು ತೊಡೆಯ ಮೇಲೆ ಹಾಸಿಕೊಂಡು ಕಾರಿನೊಳಗೆ ಕೂರುತ್ತಾರೆ. ಒಂದು ಬಕೀಟು. ಎರಡು. ಮೂರು. ಕಿಟಕಿಯ ಗಾಜಿನ ಮೇಲೆ ಕೆಂಪು ನೀರು ಇಳಿಯುತ್ತದೆ. ಟವೆಲ್ ಬೆಳ್ಳಗೇ ಇದೆ. ಕೈಯೆತ್ತಿ ಹೊಲಿಗೆಯುದ್ದಕ್ಕೂ ಸವರಿ, ಅಂಗೈ ನೋಡಿಕೊಳ್ಳುತ್ತಾರೆ. ಒಣ.

"ಇಪ್ಪತ್ನಾಲ್ಕು ವರ್ಷಾತ್ರಿ. ಅದಿರಿಗೆ ಹೊದಿಸೀನಿ, ಭತ್ತಕ್ಕ ಹೊದಿಸೀನಿ," ಎನ್ನುತ್ತಾರೆ ಒಳಗಿನಿಂದಲೇ, ಮೆಲ್ಲಗೆ. "ನಾ ಹೊಲಿದಿದ್ದರ ಕೆಳಗ ನಾನ ಕುಂತಿದ್ದು ಇವತ್ತ."

ಶಂಭುಲಿಂಗ ಬಕೀಟು ಕೆಳಗಿಟ್ಟು ಫೋನ್ ತೆಗೆಯುತ್ತಾರೆ. "ಪೇಂಟರ್‌ನ ಕರೀಲೇನು, ಯಕ್ಕಾ? ಮೂರನೇ ಸಾಲು ಬರಸಿಬಿಡು."

ಹೊಳೆಮ್ಮ ಟಾಪಿನ ಎಡಗಡೆ ಮೂಲೆಯನ್ನೇ ನೋಡುತ್ತಿದ್ದಾರೆ.

"ತಡೀರಿ. ಆ ಮೂಲಿಗೆ ಇನ್ನೊಂದು ಬಕೀಟ್ ಹುಯ್ರಿ."