ದಿಬ್ಬದ ಮನೆಗೆ ಬಿದ್ದ ಬೆಳಕು

ಜಯಂತಿ ಅಮೆರಿಕದ ಉತ್ತರ ಕೆರೊಲಿನಾದ ಒಂದು ಕೌಂಟಿಯ, ಎಂದರೆ ಜಿಲ್ಲೆಯ, ಪ್ಲಾನಿಂಗ್ ಆಫೀಸಿನಲ್ಲಿದ್ದಳು. ಯಾರು ಎಲ್ಲಿ ಏನು ಕಟ್ಟಬೇಕೆಂದರೂ ಅರ್ಜಿ ಮೊದಲು ಅವಳ ಮೇಜಿಗೆ ಬರುತ್ತಿತ್ತು. ಜಾಗ ನೋಡಿ ಅವಳು ಕೊಟ್ಟ ಅಭಿಪ್ರಾಯದ ಮೇಲೆ ಬೋರ್ಡು ತೀರ್ಮಾನಿಸುತ್ತಿತ್ತು. ಪೆಟ್ರೋಲ್ ಬಂಕ್, ಚರ್ಚಿನ ಪಾರ್ಕಿಂಗ್ ಲಾಟ್ ಎಲ್ಲ ಅವಳಿಗೆ ಅಭ್ಯಾಸವೇ. ಆದರೆ ೧೯೯೭ರ ಬೇಸಿಗೆಯ ಕೊನೆಯಲ್ಲಿ ಒಂದು ವಿದ್ಯುತ್ ಸಹಕಾರಿ ಸಂಘ ಐದು ಎಕರೆ ಹುಲ್ಲುಗಾವಲಿನಲ್ಲಿ ಸಾಲುಸಾಲಾಗಿ ಸೋಲಾರ್ ಪ್ಯಾನೆಲ್ ನಿಲ್ಲಿಸುತ್ತೇವೆಂದು ಬಂದಾಗ, ಕೌಂಟಿಯ ನಿಯಮಗಳಲ್ಲಿ ಅಂಥದ್ದಕ್ಕೆ ಹೆಸರೇ ಇರಲಿಲ್ಲ.

ಪವರ್ ಪ್ಲಾಂಟ್ ಅಂದುಕೊಂಡು ತಿರಸ್ಕರಿಸಿಬಿಡು ಎಂದ ಆಫೀಸಿನ ಹಿರಿಯ. ಜಯಂತಿಗೆ ಒಪ್ಪಿಗೆಯಾಗಲಿಲ್ಲ. ಹೊಗೆಯಿಲ್ಲ, ಕೆಳಗೆ ಕುರಿ ಮೇಯಬಹುದು, ಮುಂದೊಂದು ದಿನ ಕಂಬ ಕಿತ್ತರೆ ನೆಲ ಮತ್ತೆ ಹುಲ್ಲುಗಾವಲೇ. ಇದು ಆಗಲೇಬೇಕು ಅನಿಸಿತು. ಹಾಗೆ ಅನಿಸಿದ್ದಕ್ಕೇ ದಿಗಿಲಾಯಿತು. ತನಗೆ ಬೇಕಾದ್ದನ್ನೇ ಸರಿ ಎಂದು ಬರೆದುಬಿಟ್ಟರೆ?

ಕೂತಲ್ಲಿ ಕೂರಲಾರದೆ ಆ ಜಾಗಕ್ಕೆ ಮತ್ತೆ ಮತ್ತೆ ಹೋದಳು. ಮಳೆ ಬಂದಾಗ ನೀರು ಯಾವ ಕಡೆ ಹರಿಯುತ್ತದೆಂದು ನೋಡಿದಳು, ರಸ್ತೆಯ ತಿರುವಿನಲ್ಲಿ ಕಾರು ನಿಲ್ಲಿಸಿ ನೋಡಿದಳು. ಹುಲ್ಲುಗಾವಲಿನ ಪಶ್ಚಿಮಕ್ಕೆ ದಿಬ್ಬದ ಮೇಲೆ ಒಂದೇ ಮನೆ. ಅಲ್ಲಿದ್ದವಳು ಸ್ಕೂಲ್ ಬಸ್ ಓಡಿಸಿ ನಿವೃತ್ತಳಾಗಿದ್ದ ಮಿಸ್ ವರ್ನಾ. ಅವಳು ಐಸ್ ಟೀ ಕೊಟ್ಟು, ಆ ಪ್ಯಾನೆಲ್‌ಗಳು ಕನ್ನಡಿಯ ಹಾಗೆ ಕಣ್ಣಿಗೆ ಹೊಡೆಯುತ್ತವೆಯೇ ಎಂದು ಕೇಳಿದಳು. ಸಂಘದವರು ಇಲ್ಲವೆಂದಿದ್ದರು. ಜಯಂತಿಗೆ ಗೊತ್ತಿರಲಿಲ್ಲ.

ವಾರವಿಡೀ ಮನೆಯಲ್ಲಿ ಅದೇ ಮಾತು. ಗಂಡ ಪುಂಡಲೀಕ ಔಷಧದ ಲ್ಯಾಬಿನಲ್ಲಿ ಕೆಲಸ ಮಾಡುವವನು. ಕೊನೆಗೆ ಅವನೇ, "ಇಷ್ಟೊಂದು ಚಡಪಡಿಸ್ಬೇಡ ಮಾರಾಯ್ತಿ. ಒಂದು ಪ್ಯಾನೆಲ್ ಇಸ್ಕೊಂಡು ಟೆಸ್ಟ್ ಮಾಡೇ ಬಿಡುವ," ಎಂದ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಪುಂಡಲೀಕ ಹುಲ್ಲಿನ ಮಧ್ಯೆ ಪ್ಯಾನೆಲನ್ನು ದಕ್ಷಿಣಕ್ಕೆ ಓರೆಯಾಗಿ ಹಿಡಿದು ನಿಂತ. ಜಯಂತಿ ಮಿಸ್ ವರ್ನಾಳ ಅಡಿಗೆಮನೆಯಲ್ಲಿದ್ದಳು. ಸೂರ್ಯ ಏರಿದ. ಜಗಲಿಯ ಮಾಡು ಸೂರ್ಯನನ್ನು ಮರೆಮಾಡಿತ್ತು. ಆದರೆ ಬೆಳಕು ಕೆಳಗಿನಿಂದ ಬಂತು. ಕಿಟಕಿ ದಾಟಿ ಗೋಡೆಗೆ ಬಿತ್ತು, ಸಿಂಕಿನ ಮುಂದಿದ್ದ ಮುದುಕಿಯ ಮುಖಕ್ಕೆ ಬಿತ್ತು. ಅವಳು ಕೈ ಅಡ್ಡ ಹಿಡಿದಳು.

"ಇದು ಒಂದೇ ಒಂದು ಪ್ಯಾನೆಲ್," ಎಂದಳು ಮಿಸ್ ವರ್ನಾ.

ಬೇಲಿಯುದ್ದಕ್ಕೂ ಮರ ನೆಡಿಸುತ್ತೇನೆಂದಳು ಜಯಂತಿ.

"ಮರ ಎತ್ತರ ಆಗೋಕೆ ಹತ್ತು ವರ್ಷ ಬೇಕು. ನನಗೀಗಲೇ ಎಪ್ಪತ್ತೆಂಟು."

ಜಯಂತಿ ಹೊರಗೆ ಬಂದು, ಪ್ಯಾನೆಲ್ ಇಳಿಸುವಂತೆ ಪುಂಡಲೀಕನಿಗೆ ಕೈಸನ್ನೆ ಮಾಡಿದಳು.

ಮುಂದಿನ ದಿನಗಳಲ್ಲಿ ಅವಳು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹುಲ್ಲುಗಾವಲಿನ ಒಂದು ಬದಿಗಿದ್ದ ಪೈನ್ ಮರಗಳ ಹಿಂದಿನ ತಗ್ಗಿನಲ್ಲಷ್ಟೇ ಪ್ಯಾನೆಲ್ ಹಾಕಿದರೆ ದಿಬ್ಬಕ್ಕೆ ಬೆಳಕು ಹೊಡೆಯುವುದಿಲ್ಲ. ಆದರೆ ಮೂರರಲ್ಲೊಂದು ಪಾಲು ಕೈಬಿಡಬೇಕು. ಅಟ್ಲಾಂಟಾದಿಂದ ಬಂದ ಸಂಘದ ಇಂಜಿನಿಯರ್, ಹಾಗಾದರೆ ಕಟ್ಟುವುದೇ ವ್ಯರ್ಥ ಎಂದು ಸಿಡಿಮಿಡಿಗೊಂಡು ಎದ್ದುಹೋದ. ನನ್ನ ಕೈಯಾರೆ ಈ ಯೋಜನೆಯನ್ನು ಕೊಂದೆನೇ ಎಂದು ಜಯಂತಿಗೆ ಊಟ ಸೇರಲಿಲ್ಲ.

ಬೋರ್ಡಿನ ಸಾರ್ವಜನಿಕ ಸಭೆಯಲ್ಲಿ ತಗ್ಗಿನ ಭಾಗಕ್ಕೆ ಮಾತ್ರ ಒಪ್ಪಿಗೆ ಕೊಡಿ ಎಂದು ಅವಳು ಕೇಳಿಕೊಂಡಳು. ನಂತರ ಮಿಸ್ ವರ್ನಾ ಎದ್ದು ನಿಂತಳು. "ಈ ಹುಡುಗಿ ನನ್ನ ಮನೆಯೊಳಗೆ ನಿಂತು ನೋಡಿದ್ದಾಳೆ. ಬೇರೆ ಯಾರೂ ನೋಡಲಿಲ್ಲ. ಆದರೂ ನನಗೆ ಅದು ಬೇಡ. ನಲವತ್ತು ವರ್ಷ ಹುಲ್ಲನ್ನೇ ನೋಡಿದ್ದೇನೆ."

ಜಯಂತಿಗೆ ಅದು ಚುಚ್ಚಿತು. ಹಾಗೆ ಹೇಳಲು ಮುದುಕಿಗೆ ಹಕ್ಕಿದೆ ಎಂಬುದೂ ಗೊತ್ತಿತ್ತು. ಒಂದೇ ಮತದ ಅಂತರದಲ್ಲಿ ಬೋರ್ಡು ಒಪ್ಪಿತು. ಸಂಘದವರು ಚಳಿಗಾಲವೆಲ್ಲ ಗೊಣಗಿ, ಕೊನೆಗೆ ಚಿಕ್ಕದನ್ನೇ ಕಟ್ಟಿದರು.

ಮಾರ್ಚಿನ ಒಂದು ಬೆಳಿಗ್ಗೆ ಅವಳು ದಿಬ್ಬದ ಮನೆಗೆ ಹೋದಳು. ಒಳಗೆ ಬಿಡುತ್ತಾಳೋ ಇಲ್ಲವೋ ಎಂದು ಬಾಗಿಲಲ್ಲಿ ಅಳುಕಿದಳು. ಮಿಸ್ ವರ್ನಾ ಕುರ್ಚಿ ಎಳೆದು ಕೊಟ್ಟಳು. ಗೋಡೆಯ ಮೇಲೆ ಬೆಳಕಿರಲಿಲ್ಲ. ಪೈನ್ ಮರಗಳ ಸಂದಿಯಲ್ಲಿ ಒಂದು ಸಾಲಿನ ತುದಿ ಮಾತ್ರ ನೀಲಿಯಾಗಿ ಕಾಣುತ್ತಿತ್ತು. ಮುದುಕಿ ಅದನ್ನು ಬೆರಳು ಮಾಡಿ ತೋರಿಸಿದಳು.

ಮುಂದೆ ಕೌಂಟಿ ಇಂಥ ಅರ್ಜಿಗಳಿಗೆ ನಿಯಮ ಮಾಡಿದಾಗ, ಪಕ್ಕದ ಮನೆಗಳ ಒಳಗಿಂದಲೂ ನೋಡಬೇಕೆಂಬ ಮಾತನ್ನು ಜಯಂತಿ ಹಟಹಿಡಿದು ಸೇರಿಸಿದಳು. ಆವತ್ತಿನದು ಸರಿಹೋಯಿತಾ ಎಂದು ಪುಂಡಲೀಕ ಯಾವಾಗಲಾದರೂ ಕೇಳಿದರೆ, "ಮುಕ್ಕಾಲು ಪಾಲು," ಎನ್ನುತ್ತಿದ್ದಳು.