ಮೂರು ಸುತ್ತಿನ ಗಂಟು

ನಮ್ಮ ಪಡಸಾಲೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಒಂದು ದುಂಡು ಗೆರೆ ಇದೆ. ಎಳೆದವಳು ನನ್ನ ಮೊಮ್ಮಗಳು ಸಿಂಚನ. ಅವಳು ಮೈಸೂರಿಗೆ ವಾಪಸು ಹೋಗಿ ಹತ್ತು ದಿನವಾಯಿತು. ಸೊಸೆ ನೆಲ ಒರೆಸುತ್ತಾ ಆ ಗೆರೆಯ ಹತ್ತಿರ ಬಂದರೆ ಸಾಕು, ಎಲ್ಲಿದ್ದರೂ ಓಡಿಬಂದು "ಅದೊಂದ್ನ ಬುಡವ್ವ" ಎನ್ನುತ್ತೇನೆ. ಅತ್ತೆಗೆ ಅರಳುಮರಳು ಎಂದು ಅವಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಸಿಂಚನ ಮೈಸೂರಿನಲ್ಲಿ ತರ್ಕಶಾಸ್ತ್ರ ಓದುತ್ತಾಳೆ. ಇಷ್ಟು ಬರೆಯುವಾಗಲೇ ನನ್ನ ಎದೆ ಉಬ್ಬಿ ಅಕ್ಷರ ಸೊಟ್ಟಗಾಗುತ್ತದೆ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪಿರಿಯಾಪಟ್ಟಣದ ಬಸ್ಸಿನಲ್ಲಿ ನನ್ನ ಪಕ್ಕ ಯಾರೇ ಕೂರಲಿ, ಇಳಿಯುವಷ್ಟರಲ್ಲಿ ಅವರಿಗೆ ನನ್ನ ಮೊಮ್ಮಗಳ ವಿದ್ಯೆಯೆಲ್ಲ ಗೊತ್ತಾಗಿರುತ್ತದೆ. ಕೆಲವರು ನನ್ನನ್ನು ಕಂಡು ಹಿಂದಿನ ಸೀಟಿಗೆ ಹೋಗುವುದೂ ಉಂಟು. "ತರ್ಕ ಮಾಡೋದ ಕಲಿಯಕ್ಕೆ ಮೈಸೂರ್ಗಂಟ ಯಾಕಮ್ಮಿ ಕಳಿಸ್ದೆ? ನಿನ್ ಹತ್ರ ಕೂರ್ಸಿದ್ರೆ ಆಗ್ತಿರ್ನಿಲ್ವಾ?" ಎಂದು ಪಕ್ಕದ ಮನೆಯವಳು ಕೇಳಿದಳು. ನಾನೂ ನಕ್ಕೆ. ನನ್ನ ಸಂತೋಷಕ್ಕೆ ಯಾರು ಕಲ್ಲು ಹೊಡೆದರೂ ಹೂವಿನ ಹಾಗೇ ಬೀಳುತ್ತದೆ.

ಸಿಂಚನ ಬಂದ ದಿನ ನಾನು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಹುರುಳಿ ಆರಿಸುತ್ತಿದ್ದೆ. "ಅದೇನವ್ವ ನಿನ್ನ ಓದು, ನಂಗೂ ತಿಳಿಯೋ ಹಂಗೆ ಹೇಳು" ಎಂದೆ. ಅವಳು ನೆಲದ ಮೇಲೆ ಗೆರೆ ಎಳೆದಳು, ಮೊರದಿಂದ ನಾಲ್ಕು ಕಾಳು ತೆಗೆದು ಅದರೊಳಗೆ ಹಾಕಿದಳು.

"ನೋಡಜ್ಜಿ, ಒಂದು ವಿಷ್ಯ ಹುಡುಕ್ತಿದೀವಿ ಅನ್ಕೋ. ಏನೇನು ಆಗಿರಬಹುದೋ ಅಷ್ಟನ್ನೂ ಮೊದ್ಲು ಈ ಗೆರೆ ಒಳಗೆ ಹಾಕ್ಬೇಕು. ಒಂದೊಂದೇ ಪ್ರಶ್ನೆ ಕೇಳ್ತಾ, ಆಗಿರಕ್ಕೆ ಸಾಧ್ಯ ಇಲ್ಲದ್ದನ್ನ ಆಚೆ ತೆಗೀಬೇಕು. ಕಾರಣ ಇಲ್ದೆ ಒಂದು ಕಾಳೂ ತೆಗೆಯೋ ಹಂಗಿಲ್ಲ."

"ಒಂದ್ನ ಹಾಕದೇ ಮರ್ತೋದ್ರೆ?"

"ಆಮೇಲೆ ಎಷ್ಟು ಚೆನ್ನಾಗಿ ಯೋಚ್ನೆ ಮಾಡಿದ್ರೂ ಉತ್ರ ಕೆಟ್ಟಂಗೇ." ಆಮೇಲೆ ಇನ್ನೊಂದು ಹೇಳಿದಳು. "ಇಂಥೋರೆಲ್ಲ ಇಂಥೋರೇ ಅಂತ ಯಾರಾದ್ರೂ ಅಂದ್ರೆ, ಆ ಮಾತನ್ನ ಬೀಳಿಸಕ್ಕೆ ಒಂದೇ ಒಂದು ಕಾಳು ಸಾಕು. ಹಂಗಲ್ಲದೇ ಇರೋ ಒಂದೇ ಒಂದು."

ಎಷ್ಟು ಚೆನ್ನಾಗಿ ಹೇಳಿದಳು! ಮುದ್ದಿಸೋಣವೆಂದು ಕೈ ಎತ್ತಿದವಳು ಹಾಗೇ ಕೂತುಬಿಟ್ಟೆ. ಆ ನಾಲ್ಕು ಕಾಳಿನ ನಡುವೆ ನನಗೆ ಪುಟ್ಟಮ್ಮ ಕಂಡಳು.

ನಾನು ಕೆ.ಆರ್. ನಗರದ ಕಡೆಯ ಗದ್ದೆ ಸೀಮೆಯವಳು. ಮದುವೆಯಾಗಿ ಇಲ್ಲಿಗೆ ಬರುವ ತನಕ ಹೊಗೆಸೊಪ್ಪಿನ ಗಿಡವನ್ನು ಹತ್ತಿರದಿಂದ ಕಂಡಿರಲಿಲ್ಲ. ಹಸಿ ಎಲೆ ಮುರಿದು ತಂದು, ಎರಡು ಮೂರು ಎಲೆಯಾಗಿ ಕಡ್ಡಿಗೆ ದಾರದಲ್ಲಿ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಗೂಡಿನೊಳಗೆ ಸಾಲಾಗಿ ತೂಗುಹಾಕಿ, ಕೆಳಗಿನಿಂದ ಬಿಸಿ ಕೊಟ್ಟು ಒಣಗಿಸಬೇಕು. ಕೈಗೆಲ್ಲ ಕಪ್ಪು ಅಂಟು ಹಿಡಿಯುತ್ತದೆ, ಅನ್ನವೂ ಕಹಿಯಾಗುತ್ತದೆ. ಮೊದಲ ದಿನ ನಾನು ಕಟ್ಟಿದ ಕಡ್ಡಿ ಎತ್ತಿದರೆ ಎಲೆಯೆಲ್ಲ ಕೆಳಗೆ, ಬರೀ ಕಡ್ಡಿ ಕೈಯಲ್ಲಿ! ಅತ್ತೆ ಹಣೆ ಚಚ್ಚಿಕೊಂಡರು. ಆಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ಪುಟ್ಟಮ್ಮ, ನಮ್ಮಲ್ಲಿಗೆ ಕೂಲಿಗೆ ಬರುತ್ತಿದ್ದವಳು.

"ನನ್ ಕೈಯ ನೋಡ್ಕೊಂಡು ಅಂಗೇ ಮಾಡು ಕೂಸೇ. ನಿಮ್ ಅತ್ತೆ ಮೊಕ ನೋಡ್ಬ್ಯಾಡ, ಗಂಟು ಸಡಿಲಾಯ್ತದೆ" ಎನ್ನುತ್ತಿದ್ದಳು.

ಪುಟ್ಟಮ್ಮನದು ಎಡಗೈ. ಊರಿನಲ್ಲಿ ಎಲ್ಲರ ದಾರವೂ ಒಂದು ಕಡೆಗೆ ತಿರುಗಿದರೆ ಅವಳದು ಇನ್ನೊಂದು ಕಡೆಗೆ. ಅವಳ ಕೈ ನೋಡಿ ಕಲಿತ ನನ್ನದೂ ಹಾಗೇ ಆಯಿತು. ಉಣ್ಣುವುದು, ಬಳಿಯುವುದು, ಬರೆಯುವುದು ಎಲ್ಲ ಬಲಗೈ, ಸೊಪ್ಪಿನ ಗಂಟು ಮಾತ್ರ ಎಡಗೈ. ಹೊಸ ಸೊಸೆಯ ಗಂಟನ್ನು ಯಾರು ತಿರುವಿ ನೋಡುತ್ತಾರೆ? ಒಂದೇ ವ್ಯತ್ಯಾಸ. ಅವಳು ದಾರವನ್ನು ಎರಡು ಸುತ್ತು ಹಾಕುತ್ತಿದ್ದಳು. ನಾನು ಮತ್ತೆ ಬಿದ್ದೀತೆಂಬ ಭಯಕ್ಕೆ ಮೂರು ಸುತ್ತು.

ಎರಡನೆಯ ವರ್ಷ, ಒಣಗಿದ ಸೊಪ್ಪನ್ನು ಕಡ್ಡಿ ಸಮೇತ ಕೊಟ್ಟಿಗೆಯಲ್ಲಿ ಒಟ್ಟಿದ್ದಾಗ ಒಂದು ಹೊರೆ ಕಾಣೆಯಾಯಿತು. ಮಾರನೆಯ ದಿನ ಕೆರೆ ಏರಿಯ ಹಿಂದಿನ ಪೊದೆಯಲ್ಲಿ ಸಿಕ್ಕಿತು. ನಮ್ಮ ಮಾವ ಎಲ್ಲರನ್ನೂ ಬ್ಯಾರನ್ ಮುಂದೆ ನಿಲ್ಲಿಸಿ ಒಂದು ಕಡ್ಡಿ ಎತ್ತಿ ಹಿಡಿದರು.

"ಈ ಗಂಟು ಯಾರ್ದು?"

"ಎಡಗೈ ಗಂಟು. ಪುಟ್ಟಮ್ಮಂದು" ಎಂದರು ಹತ್ತು ಜನ.

"ಇನ್ನೇನು ಇಚಾರ್ಸೋದು? ಗಂಟು ಅವಳ್ದು, ಕದ್ದೋಳು ಅವಳು" ಎಂದರು ಮಾವ.

ನೀವೇ ಹೇಳಿ, ಆ ಗಂಟು ಹಾಕಿದ್ದು ಹಗಲಿನಲ್ಲಿ, ನಮ್ಮ ಅಂಗಳದಲ್ಲಿ, ನಮ್ಮ ಕೂಲಿಗೆ. ಕದ್ದು ಹೊತ್ತವರು ಗಂಟು ಬಿಚ್ಚಿರಲೂ ಇಲ್ಲ, ಹೊಸದಾಗಿ ಹಾಕಿರಲೂ ಇಲ್ಲ. ಆ ಸೊಪ್ಪು ನಮ್ಮದು ಎನ್ನುವುದಕ್ಕಿಂತ ಒಂದು ಅಕ್ಷರವನ್ನೂ ಆ ಗಂಟು ಹೇಳುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ಅಷ್ಟು ದೊಡ್ಡವರಿಗೆ ಹೊಳೆಯಲಿಲ್ಲ. ಸೊಪ್ಪು ಕಟ್ಟುವವರು ಒಬ್ಬರ ಗಂಟನ್ನು ಅವರ ಮುಖದ ಹಾಗೇ ಗುರುತಿಸುತ್ತಾರೆ. ಮುಖ ಸಿಕ್ಕಿತಲ್ಲ, ಕಳ್ಳಿಯೂ ಸಿಕ್ಕಿದಳು ಎಂದುಕೊಂಡರು.

ಪುಟ್ಟಮ್ಮ ಕಡ್ಡಿ ಈಸಿಕೊಂಡಳು. ಹೆಬ್ಬೆರಳಿನಿಂದ ದಾರ ತಡವಿದಳು. ಒಂದು, ಎರಡು, ಮೂರು. ತಲೆಯೆತ್ತಿ ಜನರ ನಡುವೆ ನಿಂತಿದ್ದ ನನ್ನನ್ನು ನೋಡಿದಳು.

ಗಂಟು ನನ್ನದು ಎಂದರೆ, ತವರಿಗೆ ಸಾಗಿಸಲು ಹೊರಟಿದ್ದಳು ಎನ್ನುತ್ತಾರೆ. ತವರಿನ ಬಸ್ಸು ಹತ್ತಿಸಿ ಕಳಿಸಿಬಿಡುತ್ತಾರೆ. ಆಗ ಹೊಟ್ಟೆಯಲ್ಲಿ ಸಿಂಚನಳ ಅಪ್ಪ ಇದ್ದ.

ಅವಳು ಕಡ್ಡಿಯನ್ನು ವಾಪಸು ಕೊಟ್ಟಳು. "ಗಂಟು ನಂದೇ ಇರ್ಲಿ ಯಜಮಾನ್ರೇ. ಕದ್ದೋಳು ನಾನಲ್ಲ" ಎಂದಳು. ಅಷ್ಟೇ. ಎರಡನೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಅವಳನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಚಿಕ್ಕ ಮಗಳನ್ನು ಕರೆದುಕೊಂಡು ಕೊಡಗಿಗೆ ಕಾಫಿ ಕುಯ್ಯಲು ಹೋದಳು. ಅಲ್ಲಿನ ಚಳಿಗೆ ಎದೆ ಕಟ್ಟಿ ಸತ್ತಳೆಂದು ಮೂರು ವರ್ಷದ ಮೇಲೆ ಸುದ್ದಿ ಬಂತು. ನಮ್ಮೂರಿನಲ್ಲಿ ಇವತ್ತಿಗೂ ಎಲೆ ಕಟ್ಟುವಾಗ ಯಾರಾದರೂ ದಾರವನ್ನು ಉಲ್ಟಾ ತಿರುಗಿಸಿದರೆ "ಕಳ್ಳಿ ಪುಟ್ಟಿ ಗಂಟು" ಎಂದು ನಗುತ್ತಾರೆ. ನಾನು ಆ ದಿನದಿಂದ ಬಲಗೈಯಲ್ಲಿ ಕಟ್ಟುವುದನ್ನು ಕಲಿತೆ.

ಇದಿಷ್ಟನ್ನೂ ಸಿಂಚನಳಿಗೆ ಹೇಳಿದೆ, ನನ್ನ ಗಂಟೂ ಎಡಗೈಯದು, ಮೂರು ಸುತ್ತಿನದು ಎಂಬುದೊಂದನ್ನು ಬಿಟ್ಟು. ಅವಳು ಗೆರೆಯೊಳಗಿನ ಕಾಳುಗಳನ್ನೆಲ್ಲ ತೆಗೆದು ಒಂದನ್ನು ಮಾತ್ರ ಉಳಿಸಿದಳು.

"ಇದು ಎಡಗೈ ಗಂಟಿನೋರ ಗುಂಪು. ಇವ್ಳು ಪುಟ್ಟಮ್ಮ. ಅಜ್ಜಿ, ಬೇರೆ ಯಾರೂ ಹಂಗೆ ಕಟ್ತಿರ್ಲಿಲ್ವಾ? ಅದನ್ನೇ ಯಾರೂ ಕೇಳ್ಳಿಲ್ವಾ?"

ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪ್ರಶ್ನೆಗೆ ಹೆದರಿದ್ದೆ. ನನ್ನ ಮೊಮ್ಮಗಳ ಬಾಯಿಂದ ಬರುತ್ತದೆ ಎಂದು ಎಣಿಸಿರಲಿಲ್ಲ. ಮೊರದಿಂದ ಇನ್ನೊಂದು ಕಾಳು ತೆಗೆದು ಪುಟ್ಟಮ್ಮನ ಪಕ್ಕ ಇಟ್ಟೆ.

"ಇದ್ಯಾರು?"

"ನಾನು ಕಣವ್ವ. ಆ ಕಡ್ಡಿ ಕಟ್ಟಿದ್ದೂ ನಾನೇಯ."

ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ನಾನಿಟ್ಟ ಕಾಳನ್ನೇ ನೋಡುತ್ತಾ, "ಗಂಟು ಹಾಕ್ದೋಳೇ ಕಳ್ಳಿ ಅಂದ್ರಲ್ಲಾ, ಆ ಮಾತು ಬೀಳಿಸೋ ಒಂದು ಕಾಳು ಆವತ್ತು ಅಲ್ಲೇ ನಿಂತಿತ್ತು" ಎಂದಳು. ಅವಳಿಗೆ ಅಳು ಬಂದಿತ್ತು. ನನ್ನ ಬಂಗಾರ, ನನ್ನ ಹೆಮ್ಮೆ, ಅವಳು ಒಂದು ತಪ್ಪು ಲೆಕ್ಕವನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

ಮಾರನೆಯ ದಿನ ಇಬ್ಬರೂ ಕಂಪಲಾಪುರಕ್ಕೆ ಹೋದೆವು. ಪುಟ್ಟಮ್ಮನ ಮಗಳು ಜಯಮ್ಮ ಅಲ್ಲಿ ರಸ್ತೆ ಬದಿಯಲ್ಲಿ ತರಕಾರಿ ಮಾರುತ್ತಾಳೆ. ಆ ಬಸ್ಸಿನಲ್ಲಿ ಪಕ್ಕದವರೊಡನೆ ನಾನು ಒಂದು ಮಾತೂ ಆಡಲಿಲ್ಲ. ಜಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು, ನಡುವೆ ಇಬ್ಬರಿಗೆ ಬದನೆಕಾಯಿ ತೂಗಿಕೊಟ್ಟಳು.

"ನಮ್ಮವ್ವ ಕದ್ದಿಲ್ಲ ಅಂತ ನಂಗೊತ್ತು ಕಣ್ರೀ. ನಂಗ್ಯಾಕೆ ಹೇಳಕ್ ಬಂದ್ರಿ? ಗೊತ್ತಿಲ್ದೋರು ನಿಮ್ಮೂರಲ್ಲಿ ಅವ್ರೆ."

ಅಷ್ಟು ಹೇಳಿ ಸೊಪ್ಪಿಗೆ ನೀರು ಚಿಮುಕಿಸತೊಡಗಿದಳು. ಕೂರಿ ಎನ್ನಲಿಲ್ಲ.

ಈ ವಾರ ನಮ್ಮಲ್ಲಿ ಎಲೆ ಮುರಿಯಲು ಶುರುವಾಗಿದೆ. ನಿನ್ನೆ ಬೆಳಿಗ್ಗೆ ಬ್ಯಾರನ್ ಮುಂದೆ ಹೆಂಗಸರೆಲ್ಲ ಕಟ್ಟುತ್ತಾ ಕೂತಿದ್ದಾಗ ನಾನೂ ಹೋಗಿ ಕೂತೆ. ಕಡ್ಡಿ ತೆಗೆದುಕೊಂಡು ಎಡಗೈಯಲ್ಲಿ ದಾರ ತಿರುಗಿಸಿ ಮೂರು ಸುತ್ತು ಹಾಕಿದೆ. ಕೈ ಮರೆತಿರಲಿಲ್ಲ. ಯಾರೋ "ಅಯ್ ನೋಡ್ರೇ, ಕಳ್ಳಿ ಪುಟ್ಟಿ ಗಂಟು!" ಎಂದು ನಕ್ಕರು. "ಅಲ್ಲ, ನಂದು" ಎಂದೆ. ಆಮೇಲೆ ಮೊದಲಿನಿಂದ ಹೇಳಿದೆ. ಮಗ ಬಂದು "ಈಗ್ಯಾಕವ್ವ ಅದೆಲ್ಲ, ಮನೆ ಮಾನ ತೆಗೀತೀಯಾ?" ಎಂದು ಗದರಿದ. ನಾನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಒಬ್ಬ ಮುದುಕಿ, ಆ ದಿನ ಅಲ್ಲೇ ಇದ್ದವಳು, ಕೇಳಿದಳು: "ಅಂಗಾರೆ ಕದ್ದೋರು ಯಾರಮ್ಮಿ?"

ಗೊತ್ತಿಲ್ಲ ಎಂದೆ. ಎಲ್ಲರ ಕೈಯೂ ನಿಂತಿತು.

ಮನೆಗೆ ಬಂದು ಗೆರೆಯ ಮುಂದೆ ಕೂತು ಆ ದಿನ ಇದ್ದವರ ಲೆಕ್ಕಕ್ಕೆ ಒಂದೊಂದು ಕಾಳು ಒಳಗೆ ಇಟ್ಟೆ. ಕೂಲಿಯವರದು, ಪುಟ್ಟಮ್ಮನದು, ನನ್ನದು, ಮಾವನದು, ಅತ್ತೆಯದು. ತೀರಿಹೋದ ನನ್ನ ಗಂಡನದೂ ಇಟ್ಟೆ. ನನ್ನದನ್ನು ತೆಗೆಯಬಹುದಿತ್ತು, ನಾನು ಕದ್ದಿಲ್ಲವೆಂದು ನನಗೆ ಗೊತ್ತು. ತಾನು ಕದ್ದಿಲ್ಲವೆಂದು ಪುಟ್ಟಮ್ಮನಿಗೂ ಗೊತ್ತಿತ್ತು, ಅವಳ ಮಾತು ನಂಬಿ ಯಾರೂ ಅವಳ ಕಾಳು ತೆಗೆದಿರಲಿಲ್ಲ. ನನ್ನ ಕಾಳನ್ನು ಅವಳ ಪಕ್ಕದಲ್ಲೇ ಬಿಟ್ಟೆ.